ನ್ಯಾನೊ ಬೆಳ್ಳಿ ಮತ್ತು ಕೆರೆಯ ಕಪ್ಪೆಚಿಪ್ಪು: ಈ ಪ್ರಯೋಗದ ಕರಡಿನಲ್ಲಿ ತಪ್ಪೆಲ್ಲಿದೆ?

ಕೆರೆಕೋಡಿ:

ಎಲ್ಲರಿಗೂ ನಮಸ್ಕಾರ. ಲ್ಯಾಮೆಲಿಡೆನ್ಸ್ ಮಾರ್ಜಿನಾಲಿಸ್ ಮೇಲೆ ನ್ಯಾನೊ ಬೆಳ್ಳಿಯ, ಅಂದರೆ ಅತಿಸೂಕ್ಷ್ಮ ಬೆಳ್ಳಿಕಣಗಳ, ಪರಿಣಾಮ ನೋಡುವ ಪ್ರಯೋಗದ ಕರಡು ಇದು. ನಮ್ಮ ಕೆರೆ, ನಾಲೆಗಳ ಕೆಸರಿನಲ್ಲಿ ಅರ್ಧ ಹೂತುಕೊಂಡಿರುವ ಕಂದುಬಣ್ಣದ ಕಪ್ಪೆಚಿಪ್ಪು ಇದೇ. ಶುರುಮಾಡುವ ಮೊದಲು ಬಲ್ಲವರು ನೋಡಿ ತಪ್ಪು ತೋರಿಸಿ.

ಕಣ: 20 ನ್ಯಾನೊಮೀಟರ್ ಬೆಳ್ಳಿ, ಸಿಟ್ರೇಟ್ ಲೇಪನ. ಸಿದ್ಧ ದ್ರಾವಣ ಕೊಳ್ಳುವುದು, ಅದರಲ್ಲಿ ಲೀಟರಿಗೆ 20 ಮಿ.ಗ್ರಾಂ ಬೆಳ್ಳಿ ಇರುತ್ತದೆ.
ಪ್ರಮಾಣ: ಲೀಟರಿಗೆ 0, 1, 5, 10 ಮಿ.ಗ್ರಾಂ. ಅವಧಿ 96 ಗಂಟೆ.
ಪ್ರಾಣಿ: 6ರಿಂದ 8 ಸೆಂ.ಮೀ. ಉದ್ದದವು. ಪ್ರಮಾಣಕ್ಕೊಂದು 10 ಲೀಟರ್ ಟಬ್, ಟಬ್ಬಿಗೆ 15 ಚಿಪ್ಪು.
ನೀರು: ಬೋರ್‌ವೆಲ್ ನೀರು. ಸಾಲದಿದ್ದರೆ ನಲ್ಲಿ ನೀರಿಗೆ ಥಯೋಸಲ್ಫೇಟ್ ಹಾಕಿ ಕ್ಲೋರಿನ್ ತೆಗೆದು ಬಳಸುವುದು.
ಅಳತೆ: ಕಿವಿರು ಮತ್ತು ಜೀರ್ಣಗ್ರಂಥಿಯಲ್ಲಿ ಆಕ್ಸಿಡೇಶನ್ ಹಾನಿಯ ಗುರುತುಗಳಾದ ಕೆಟಲೇಸ್, ಎಸ್‌ಒಡಿ, ಎಂಡಿಎ. ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿ, ಲೋಹದ ಸೂಕ್ಷ್ಮ ಪ್ರಮಾಣ ಅಳೆಯುವ ಐಸಿಪಿ-ಎಂಎಸ್‌ನಲ್ಲಿ ಒಟ್ಟು ಬೆಳ್ಳಿ.

ಈ ಪ್ರಮಾಣಗಳು ಸರಿಯೇ? ಮುಖ್ಯವಾಗಿ ಅದನ್ನು ಹೇಳಿ.

ಅಳತೆಗೋಲು:

ಪ್ರಮಾಣದ ಮಾತಿಗೆ ಮೊದಲು ಒಂದು ಗುಣಾಕಾರ ಮಾಡಿ ನೋಡಿ. 10 ಲೀಟರ್ ಟಬ್ಬಿನಲ್ಲಿ ಲೀಟರಿಗೆ 10 ಮಿ.ಗ್ರಾಂ ಎಂದರೆ ಒಟ್ಟು 100 ಮಿ.ಗ್ರಾಂ ಬೆಳ್ಳಿ ಬೇಕು. ನಿಮ್ಮ ದ್ರಾವಣದಲ್ಲಿರುವುದು ಲೀಟರಿಗೆ 20 ಮಿ.ಗ್ರಾಂ. ಅಂದರೆ ಟಬ್ಬಿಗೆ 5 ಲೀಟರ್ ದ್ರಾವಣ ಸುರಿಯಬೇಕು. ಇಂಥ ದ್ರಾವಣಗಳಲ್ಲಿ ಸಾಮಾನ್ಯವಾಗಿ 2 ಮಿಲಿಮೋಲಾರ್ ಸಿಟ್ರೇಟ್ ಇರುತ್ತದೆ, ಟಬ್ಬಿನಲ್ಲಿ ಅದು 1 ಮಿಲಿಮೋಲಾರ್ ಆಗಿ ಉಳಿಯುತ್ತದೆ. ಸಿಟ್ರೇಟ್ ನೀರಿನ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ, ಬ್ಯಾಕ್ಟೀರಿಯಾಕ್ಕೆ ಆಹಾರವಾಗುತ್ತದೆ, ಎರಡನೇ ದಿನಕ್ಕೇ ಆಕ್ಸಿಜನ್ ಇಳಿಯುತ್ತದೆ. ಚಿಪ್ಪು ಸತ್ತರೆ ಬೆಳ್ಳಿಯಿಂದಲೋ ಉಸಿರುಕಟ್ಟಿಯೋ ಎಂದು ಹೇಳಲು ಬರುವುದಿಲ್ಲ.

ಲೀಟರಿಗೆ 10 ಮೈಕ್ರೊಗ್ರಾಂ ಇಟ್ಟುಕೊಂಡರೆ ಅದೇ ಟಬ್ಬಿಗೆ 5 ಮಿ.ಲೀ. ದ್ರಾವಣ ಸಾಕು. 100 ಮೈಕ್ರೊಗ್ರಾಂಗೆ 50 ಮಿ.ಲೀ. ಹಾಗಾಗಿ 0, 1, 10, 100 ಮೈಕ್ರೊಗ್ರಾಂ ಎಂಬ ಸಾಲು ಕೆಲಸಕ್ಕೂ ಒಗ್ಗುತ್ತದೆ, ನಿಜಕ್ಕೂ ಹತ್ತಿರ. ನದಿ ನೀರಿನಲ್ಲಿ ನ್ಯಾನೊ ಬೆಳ್ಳಿ ಎಷ್ಟಿರಬಹುದೆಂದು ಮಾಡಿರುವ ಅಂದಾಜು ಲೆಕ್ಕಗಳು ಲೀಟರಿಗೆ ನ್ಯಾನೊಗ್ರಾಂಗಳ ಮಟ್ಟದಲ್ಲಿವೆ. ಬಣ್ಣ, ಸನ್‌ಸ್ಕ್ರೀನ್‌ಗಳಿಂದ ಬರುವ ಟೈಟಾನಿಯಂ ಡೈಆಕ್ಸೈಡ್ ಮೈಕ್ರೊಗ್ರಾಂ ಮಟ್ಟಕ್ಕೆ ಏರುತ್ತದೆ. 10 ನ್ಯಾನೊಗ್ರಾಂಗೂ ನಿಮ್ಮ 10 ಮಿಲಿಗ್ರಾಂಗೂ ನಡುವೆ ಹತ್ತು ಲಕ್ಷ ಪಟ್ಟು ಅಂತರವಿದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಪ್ರಮಾಣಕ್ಕೊಂದೇ ಟಬ್ ಇಟ್ಟು ಅದರಲ್ಲಿ 15 ಚಿಪ್ಪು ಹಾಕಿದರೆ ನಿಮ್ಮ ಸಂಖ್ಯೆ 15 ಅಲ್ಲ, 1. ಆ 15 ಪ್ರಾಣಿಗಳೂ ಒಂದೇ ನೀರು ಕುಡಿದಿವೆ, ಒಂದೇ ಅಮೋನಿಯಾದಲ್ಲಿ ಕೂತಿವೆ. ಪ್ರತಿ ಪ್ರಮಾಣಕ್ಕೆ ಕಡಿಮೆಯೆಂದರೆ 3, ಸಾಧ್ಯವಾದರೆ 4 ಟಬ್, ಟಬ್ಬಿಗೆ 4 ಚಿಪ್ಪು ಮಾಡಿ. ಅಂಕಿಅಂಶದ ಲೆಕ್ಕಕ್ಕೆ ಟಬ್ಬಿನ ಸರಾಸರಿಯನ್ನೇ ತೆಗೆದುಕೊಳ್ಳಿ.

ಲೋಮಾಂಗ:

ನೀರಿನ ವಿಷಯ ನಾನು ಹೇಳುತ್ತೇನೆ. ಈ ಕರಡಿನಲ್ಲಿ ಫಲಿತಾಂಶವನ್ನು ಕೆಡಿಸುವುದು ಅದೇ.

ಬೆಳ್ಳಿಯ ಕಣಗಳು ಒಂದಕ್ಕೊಂದು ಅಂಟದೆ ತೇಲುತ್ತಿರುವುದು ಮೇಲ್ಮೈಯಲ್ಲಿರುವ ಋಣ ವಿದ್ಯುದಂಶದಿಂದ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ರಕ್ಷಣೆಯನ್ನು ಅಳಿಸುತ್ತವೆ. ಸಿಟ್ರೇಟ್ ಲೇಪನ ಗಡಸು ನೀರಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ತಿಳಿಹಳದಿ ದ್ರಾವಣ ಬೂದಿಬಣ್ಣಕ್ಕೆ ತಿರುಗುವುದನ್ನು ಕಣ್ಣಾರೆ ನೋಡಬಹುದು, ಬೆಳಕು ಹೀರುವಿಕೆ ಅಳೆಯುವ ಯುವಿ-ವಿಸ್‌ನಲ್ಲಿ 400 ನ್ಯಾನೊಮೀಟರ್ ಹತ್ತಿರದ ಶಿಖರ ತಗ್ಗಿ ಅಗಲವಾಗುತ್ತದೆ. ಆಮೇಲೆ ನೀವು ಪರೀಕ್ಷಿಸುತ್ತಿರುವುದು 20 ನ್ಯಾನೊಮೀಟರ್ ಕಣವನ್ನಲ್ಲ, ಟಬ್ಬಿನ ತಳಕ್ಕೆ ಇಳಿದ ಬೆಳ್ಳಿಯ ಗಂಟುಗಳನ್ನು.

ನಲ್ಲಿ ನೀರಿಗೆ ಥಯೋಸಲ್ಫೇಟ್ ಹಾಕುವ ಮಾತು ಪೂರ್ತಿ ಬಿಡಿ. ಥಯೋಸಲ್ಫೇಟ್ ಬೆಳ್ಳಿಯ ಅಯಾನನ್ನು, ಅಂದರೆ ಕಣದಿಂದ ಕರಗಿ ಬಿಡಿಯಾದ ಬೆಳ್ಳಿಯನ್ನು, ಬಲವಾಗಿ ಕಟ್ಟಿಹಾಕುತ್ತದೆ. ವಿಷ ಕೊಟ್ಟು ಅದರ ಜೊತೆಗೇ ಮದ್ದನ್ನೂ ಕೊಟ್ಟಂತೆ. 'ನ್ಯಾನೊ ಬೆಳ್ಳಿಯಿಂದ ತೊಂದರೆಯಿಲ್ಲ' ಎಂಬ ಸುಳ್ಳು ಫಲಿತಾಂಶ ಬರಲು ಇಷ್ಟು ಸಾಕು.

ನೀರನ್ನು ನೀವೇ ತಯಾರಿಸಿ. ಡಿಸ್ಟಿಲ್ಡ್ ಅಥವಾ ಡಿಅಯಾನೈಸ್ಡ್ ನೀರು 100 ಲೀಟರ್‌ಗೆ: ಸೋಡಿಯಂ ಬೈಕಾರ್ಬೊನೇಟ್ 9.6 ಗ್ರಾಂ, ಕ್ಯಾಲ್ಸಿಯಂ ಸಲ್ಫೇಟ್ ಡೈಹೈಡ್ರೇಟ್ 6 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.4 ಗ್ರಾಂ. ಮೆಗ್ನೀಸಿಯಂ ಸಲ್ಫೇಟ್ ತೂಕ ನೀರಿನಂಶವಿಲ್ಲದ ಪುಡಿಗೆ. ಏಳು ನೀರಿನಣುಗಳಿರುವ ಹರಳು ಬಳಸಿದರೆ 12.3 ಗ್ರಾಂ. ಕ್ಯಾಲ್ಸಿಯಂ ಸಲ್ಫೇಟ್ ಬೇಗ ಕರಗುವುದಿಲ್ಲ, ಬೇರೆ ಪಾತ್ರೆಯಲ್ಲಿ ಕಲಕುತ್ತಾ ಪೂರ್ತಿ ಕರಗಿಸಿ ಸೇರಿಸಿ. 24 ಗಂಟೆ ಗಾಳಿ ಹಾಯಿಸಿ. ಗಡಸುತನ 80ರಿಂದ 100 ಮಿ.ಗ್ರಾಂ ಬರುತ್ತದೆ, ಕ್ಲೋರೈಡ್ ಲೀಟರಿಗೆ 2 ಮಿ.ಗ್ರಾಂ ಒಳಗೇ ಇರುತ್ತದೆ. ಬೆಳ್ಳಿಯ ಕೆಲಸದಲ್ಲಿ ಕ್ಲೋರೈಡ್ ಕಡಿಮೆ ಇರುವುದು ಮುಖ್ಯ, ಇಲ್ಲವಾದರೆ ಸಿಲ್ವರ್ ಕ್ಲೋರೈಡ್ ಕಟ್ಟಿಕೊಳ್ಳುತ್ತದೆ. ಈ ನೀರಿನಲ್ಲೂ ಕಣಗಳು ನಿಧಾನವಾಗಿ ಗಂಟುಕಟ್ಟುತ್ತವೆ. ಅದಕ್ಕೇ ಎಷ್ಟು ಹೊತ್ತಿಗೆ ಎಷ್ಟು ಎಂದು ಅಳೆದು ಬರೆಯಬೇಕು. ನ್ಯಾನೊವಸ್ತು ನೀರಿನಲ್ಲಿ ಎಷ್ಟು ಸ್ಥಿರ ಎಂದು ನೋಡಲು ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2017ರ 318ನೇ ಪರೀಕ್ಷಾ ವಿಧಾನವಿದೆ. ಜಲಜೀವಿಗಳ ಮೇಲೆ ಪರೀಕ್ಷೆ ಮಾಡುವುದಕ್ಕೆ 2020ರ 317ನೇ ಮಾರ್ಗದರ್ಶಿ. ಎರಡನ್ನೂ ಓದಿ.

ಕೆರೆಕೋಡಿ:

ಅಳತೆಗೋಲು, ಲೋಮಾಂಗ ಇಬ್ಬರಿಗೂ ಧನ್ಯವಾದ. ಥಯೋಸಲ್ಫೇಟ್ ಮಾತು ತಲೆಗೆ ಹೊಳೆದೇ ಇರಲಿಲ್ಲ. ಒಂದು ಅನುಮಾನ: ಗಂಟುಕಟ್ಟಿ ತಳಕ್ಕೆ ಇಳಿದರೆ ಚಿಪ್ಪಿಗೆ ಸಿಗುವುದೇ ಇಲ್ಲವಲ್ಲ, ಹಾಗಾದರೆ ವಿಷ ಕಡಿಮೆಯೆಂದೇ ಅರ್ಥವೇ?

ಹೂಳುಸೋಸಿ:

ಮೀನಿಗಾದರೆ ಸ್ವಲ್ಪ ಮಟ್ಟಿಗೆ ಹೌದು. ಕಪ್ಪೆಚಿಪ್ಪಿಗೆ ಇದು ತಿರುಗುಮುರುಗು.

ಚಿಪ್ಪಿನ ಒಳಗೆ ಏನಾಗುತ್ತದೆಂದು ಹತ್ತಿರದಿಂದ ನೋಡಿ. ಹಿಂಬದಿಯ ಸೀಳಿನಿಂದ ನೀರು ಒಳಬರುತ್ತದೆ. ಎರಡೂ ಬದಿ ತೆಳು ಪರದೆಯಂತೆ ಇಳಿಬಿದ್ದ ಕಿವಿರುಗಳ ಮೇಲೆ ಲೋಮಾಂಗಗಳ (ಕೂದಲಿನಂಥ ಸೂಕ್ಷ್ಮ ಎಳೆಗಳ) ಸಾಲು ಬಡಿಯುತ್ತಾ ನೀರೆಳೆಯುತ್ತದೆ. ನೀರು ಕಿವಿರಿನ ಸಣ್ಣ ಕಿಂಡಿಗಳಿಂದ ಆಚೆ ಹೋಗುತ್ತದೆ, ಕಣ ಲೋಳೆಗೆ ಅಂಟಿಕೊಂಡು ಕಿವಿರಿನ ಕೆಳ ಅಂಚಿನ ಕಾಲುವೆಗೆ ಜಾರುತ್ತದೆ, ಅಲ್ಲಿಂದ ಲೋಳೆಯ ದಾರದಂತೆ ಬಾಯಿಯ ಕಡೆ ಸಾಗುತ್ತದೆ. ಬಾಯಿಯ ಪಕ್ಕದ ತುಟಿಯಂಥ ಎಸಳುಗಳು ಬೇಕಾದ್ದನ್ನು ಒಳಗೆ ಬಿಟ್ಟು, ಬೇಡದ್ದನ್ನು ಲೋಳೆಯ ಉಂಡೆ ಮಾಡಿ ಹೊರಗೆ ಬಿಸಾಡುತ್ತವೆ. ಈ ಉಂಡೆಯೇ ಹುಸಿಮಲ, ಹೊಟ್ಟೆಗೆ ಹೋಗದೇ ಹೊರಬಿದ್ದದ್ದು.

ಈ ಜರಡಿ ನಾಲ್ಕೈದು ಮೈಕ್ರೊಮೀಟರಿಗಿಂತ ದೊಡ್ಡ ಕಣವನ್ನು ಚೆನ್ನಾಗಿ ಹಿಡಿಯುತ್ತದೆ. ಒಂದು ಮೈಕ್ರೊಮೀಟರಿಗಿಂತ ಕೆಳಗೆ ಹಿಡಿತ ಬೇಗ ಕುಸಿಯುತ್ತದೆ. 20 ನ್ಯಾನೊಮೀಟರಿನ ಒಂಟಿ ಕಣ ಬಹುಪಾಲು ನೀರಿನೊಂದಿಗೇ ಆಚೆ ಹೋಗುತ್ತದೆ. ಅದೇ ಕಣ ಪಾಚಿಯ ತುಣುಕು, ಲೋಳೆ, ಜೇಡಿಯ ಜೊತೆ ಗಂಟಾದಾಗ ಜರಡಿಗೆ ಸಿಕ್ಕಿಬೀಳುತ್ತದೆ. 2009ರಲ್ಲಿ ಪ್ರಕಟವಾದ ಒಂದು ಕೆಲಸ ಇದನ್ನು ಸಮುದ್ರದ ಚಿಪ್ಪುಜೀವಿಗಳಾದ ಮಸೆಲ್ ಮತ್ತು ಆಯ್‌ಸ್ಟರ್‌ಗಳಲ್ಲಿ ಸ್ಪಷ್ಟವಾಗಿ ತೋರಿಸಿತು: 100 ನ್ಯಾನೊಮೀಟರ್ ಪಾಲಿಸ್ಟೈರೀನ್ ಮಣಿಗಳನ್ನು ಬಿಡಿಯಾಗಿ ಕೊಟ್ಟದ್ದಕ್ಕಿಂತ ನೀರಿನ ಕಸದ ಗಂಟುಗಳೊಳಗೆ ಸೇರಿಸಿ ಕೊಟ್ಟಾಗ ಒಳಹೋದದ್ದು ಹೆಚ್ಚು. ಸಿಹಿನೀರಿನ ಚಿಪ್ಪಿನದೂ ಇದೇ ಜರಡಿ.

ಹಾಗಾಗಿ ಬಾಟಲಿಯಲ್ಲಿ ಇದ್ದ ಕಣ ಎಷ್ಟು ಎಂದು ಕೇಳುವುದಕ್ಕಿಂತ, ಚಿಪ್ಪಿನ ಬಾಯಿಗೆ ಯಾವ ರೂಪದಲ್ಲಿ ಎಷ್ಟು ಬಂತು ಎಂದು ಕೇಳಬೇಕು. ಆ ಎರಡು ಪ್ರಶ್ನೆಗಳ ಉತ್ತರ ಒಂದೇ ಆಗಿರುವುದು ಅಪರೂಪ.

ಹುಸಿಮಲ, ಮಲ ಎರಡೂ ತಳಕ್ಕೆ ಬೀಳುತ್ತವೆ. ಅಂದರೆ ಚಿಪ್ಪು ನೀರಿನಲ್ಲಿ ತೇಲುವ ನ್ಯಾನೊಕಣವನ್ನು ತಾನೇ ಕೆಸರಿಗೆ ಇಳಿಸುತ್ತದೆ, ಅದೇ ಕೆಸರಿನಲ್ಲಿ ಮತ್ತೆ ವಾಸಿಸುತ್ತದೆ. ಮರಿಚಿಪ್ಪುಗಳಿಗಂತೂ ಇದು ಇನ್ನೂ ಕೆಟ್ಟದ್ದು. ಅವು ಮೊದಮೊದಲು ನೀರು ಸೋಸಿ ತಿನ್ನುವುದಿಲ್ಲ, ಪಾದದ ಲೋಮಾಂಗಗಳಿಂದ ಕೆಸರಿನ ಕಣ ಎಳೆದುಕೊಂಡು ತಿನ್ನುತ್ತವೆ.

ನಿಮ್ಮ ಟಬ್ಬಿಗೆ ತಳದಲ್ಲಿ 5 ಸೆಂ.ಮೀ.ನಷ್ಟು ತೊಳೆದ ಹೊಳೆಮರಳು ಹಾಸಿ. ಬರಿ ಪ್ಲಾಸ್ಟಿಕ್ ತಳದಲ್ಲಿ ಈ ಪ್ರಾಣಿ ಮಗ್ಗುಲಾಗಿ ಬಿದ್ದಿರುತ್ತದೆ, ನೆಟ್ಟಗೆ ನಿಲ್ಲುವುದಿಲ್ಲ, ಬಾಯಿ ತೆರೆಯುವ ರೀತಿಯೇ ಬದಲಾಗುತ್ತದೆ. ಮುಗಿದ ಮೇಲೆ ಮರಳಿನ ಮೇಲಿನ ಅರ್ಧ ಸೆಂ.ಮೀ. ಪದರದಲ್ಲೂ ಬೆಳ್ಳಿ ಅಳೆಯಿರಿ. ನೀರು, ಮರಳು, ಟಬ್ಬಿನ ಗೋಡೆ, ಚಿಪ್ಪಿನ ಮಾಂಸ, ಚಿಪ್ಪಿನ ಹೊರಕವಚ, ಎಲ್ಲ ಸೇರಿಸಿ ನೀವು ಹಾಕಿದ ಬೆಳ್ಳಿಗೆ ಲೆಕ್ಕ ಹೊಂದಬೇಕು.

ಅಳತೆಗೋಲು:

ಹೂಳುಸೋಸಿ ಹೇಳಿದ್ದಕ್ಕೆ ಅಳತೆಯ ಕಡೆಯಿಂದ ಸೇರಿಸುತ್ತೇನೆ. ನೀರಿನ ಮಾದರಿಯನ್ನು ಕಣ ಹಾಕಿದ ಕೂಡಲೇ ಒಮ್ಮೆ, 4 ಗಂಟೆಗೆ ಒಮ್ಮೆ, 24 ಗಂಟೆಗೆ ನೀರು ಬದಲಿಸುವ ಮುಂಚೆ ಒಮ್ಮೆ ತೆಗೆಯಿರಿ. ಪ್ರತಿ ಮಾದರಿಯನ್ನು ಎರಡು ಪಾಲು ಮಾಡಿ. ಒಂದು ಪಾಲು ಒಟ್ಟು ಬೆಳ್ಳಿಗೆ. ಇನ್ನೊಂದನ್ನು ಕಣ ತಡೆದು ಕರಗಿದ್ದನ್ನು ಮಾತ್ರ ಬಿಡುವ 3 ಕಿಲೊಡಾಲ್ಟನ್ ಅಲ್ಟ್ರಾಫಿಲ್ಟರ್‌ನಲ್ಲಿ ಸೆಂಟ್ರಿಫ್ಯೂಜ್ ಮಾಡಿ, ಕೆಳಗಿಳಿದದ್ದು ಕರಗಿದ ಬೆಳ್ಳಿ. ಮೊದಲು ಇಳಿದ ದ್ರವವನ್ನು ಚೆಲ್ಲಿ, ಫಿಲ್ಟರ್ ಪೊರೆಯೇ ಒಂದಿಷ್ಟು ಬೆಳ್ಳಿ ಹೀರಿಕೊಳ್ಳುತ್ತದೆ. 0.2 ಮೈಕ್ರೊಮೀಟರ್ ಸಿರಿಂಜ್ ಫಿಲ್ಟರ್ ಇದಕ್ಕೆ ಆಗುವುದಿಲ್ಲ, 20 ನ್ಯಾನೊಮೀಟರ್ ಕಣ ಅದರಿಂದ ಸಲೀಸಾಗಿ ನುಸುಳುತ್ತದೆ, ನೀವು ಅದನ್ನೇ 'ಕರಗಿದ್ದು' ಎಂದು ಬರೆದುಬಿಡುತ್ತೀರಿ.

ಹೋಲಿಕೆಯ ಟಬ್ಬುಗಳು ಮೂರು ಬಗೆ ಬೇಕು. ಬರಿ ನೀರು. ಅತಿಹೆಚ್ಚು ಪ್ರಮಾಣದ ಟಬ್ಬಿಗೆ ಹೋಗುವಷ್ಟೇ ಸಿಟ್ರೇಟ್ ಹಾಕಿದ ನೀರು. ಮೂರನೆಯದು ಸಿಲ್ವರ್ ನೈಟ್ರೇಟ್. ಬೆಳ್ಳಿಯ ತೂಕವನ್ನು 1.575ರಿಂದ ಗುಣಿಸಿದರೆ ಸಿಲ್ವರ್ ನೈಟ್ರೇಟ್ ತೂಕ ಬರುತ್ತದೆ. ಅಲ್ಟ್ರಾಫಿಲ್ಟರ್‌ನಲ್ಲಿ ಕರಗಿದ ಪಾಲು ಶೇ. 5 ಎಂದು ಬಂದರೆ, ಆ ಶೇ. 5ಕ್ಕೆ ಸರಿಯಾದ ನೈಟ್ರೇಟ್ ಟಬ್ ಒಂದು, ಒಟ್ಟು ಬೆಳ್ಳಿಗೆ ಸರಿಯಾದದ್ದು ಒಂದು. ಇದಿಲ್ಲದೆ ಪರಿಣಾಮ ಕಣದ್ದೋ ಅಯಾನಿನದೋ ಎಂದು ಬಿಡಿಸಲು ಬರುವುದಿಲ್ಲ. ಸಿಹಿನೀರಿನ ಪ್ರಾಣಿಯಲ್ಲಿ ಬೆಳ್ಳಿ ಅಯಾನು ಕಿವಿರಿನ ಸೋಡಿಯಂ-ಪೊಟ್ಯಾಸಿಯಂ ಎಟಿಪಿಏಸ್ ಕಿಣ್ವವನ್ನು ತಡೆಯುತ್ತದೆ. ತೆಳು ನೀರಿನಿಂದ ಸೋಡಿಯಂ ಎಳೆದುಕೊಂಡು ಬದುಕುವ ಜೀವಕ್ಕೆ ಅದು ಬುಡಕ್ಕೇ ಬಿದ್ದ ಕೊಡಲಿ.

ಬೆಳಕು ಚದುರಿಸಿ ಕಣದ ಗಾತ್ರ ಹೇಳುವ ಡಿಎಲ್ಎಸ್ ಯಂತ್ರದ ಬಗ್ಗೆ ಒಂದು ಎಚ್ಚರಿಕೆ. ಅದು ಅಳೆಯುವ ಬೆಳಕಿನ ಚದುರುವಿಕೆ ವ್ಯಾಸದ ಆರನೇ ಘಾತದಲ್ಲಿ ಏರುತ್ತದೆ. 200 ನ್ಯಾನೊಮೀಟರಿನ ಒಂದು ಧೂಳುಕಣ 20 ನ್ಯಾನೊಮೀಟರಿನ ಹತ್ತು ಲಕ್ಷ ಕಣಗಳಷ್ಟು ಬೆಳಕು ಚದುರಿಸುತ್ತದೆ. ಚಿಪ್ಪಿರುವ ಟಬ್ಬಿನ ನೀರನ್ನು ಡಿಎಲ್ಎಸ್‌ಗೆ ಹಾಕಿದರೆ ಅದು ಪಾಚಿ, ಲೋಳೆಯ ಗಾತ್ರವನ್ನೇ ಹೇಳುತ್ತದೆ. ಮೂಲ ದ್ರಾವಣಕ್ಕೆ ಮಾತ್ರ ಅದನ್ನು ನಂಬಿ.

ತುಂಗೆಯಂಚು:

ಅಳತೆಗೋಲು ಅವರೇ, ಮಿಲಿಗ್ರಾಂ ಪ್ರಮಾಣವನ್ನು ಪೂರ್ತಿ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಕಣ ಯಾವ ಅಂಗಾಂಶಕ್ಕೆ ಹೋಗುತ್ತದೆ, ಜೀವಕೋಶದ ಯಾವ ಭಾಗದಲ್ಲಿ ಕೂರುತ್ತದೆ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಲು ಹೆಚ್ಚು ಪ್ರಮಾಣ ಬೇಕೇ ಬೇಕು. ಲೀಟರಿಗೆ 10 ಮೈಕ್ರೊಗ್ರಾಂನಲ್ಲಿ ಒಂದು ಕಣ ಹುಡುಕಲು ನೂರಾರು ಚೂರು ನೋಡಬೇಕಾಗುತ್ತದೆ.

ಅಳತೆಗೋಲು:

ಒಪ್ಪಿದೆ. ದಾರಿ ತಿಳಿಯಲು ಹೆಚ್ಚು ಪ್ರಮಾಣ, ಅಪಾಯ ತೂಗಲು ಕಡಿಮೆ ಪ್ರಮಾಣ. ಒಂದರ ಫಲಿತಾಂಶವನ್ನು ಇನ್ನೊಂದರ ಜಾಗದಲ್ಲಿ ಇಡಬಾರದು ಎಂಬುದಷ್ಟೇ ನನ್ನ ಮಾತು. ಚಿನ್ನದ ಕಣ ಬಳಸುವವರು ಈ ತೊಡಕನ್ನು ಸುಲಭವಾಗಿ ದಾಟುತ್ತಾರೆ: ಚಿನ್ನ ಕರಗುವುದಿಲ್ಲ, ಪ್ರಾಣಿಯಲ್ಲಿ ಮೊದಲೇ ಇರುವುದೂ ಇಲ್ಲವೆನ್ನುವಷ್ಟು ಕಡಿಮೆ. ಕಾರ್ಬಿಕ್ಯುಲಾ ಫ್ಲುಮಿನಿಯಾ ಎಂಬ ಸಿಹಿನೀರಿನ ಚಿಪ್ಪಿನ ಮೇಲೆ 2008ರಲ್ಲಿ 10 ನ್ಯಾನೊಮೀಟರ್ ಚಿನ್ನದ ಕಣದ ಕೆಲಸ ಪ್ರಕಟವಾಯಿತು, ಪಾಚಿಗೆ ಅಂಟಿದ ಕಣ ಪಾಚಿಯ ಮೂಲಕವೇ ಚಿಪ್ಪಿನೊಳಗೆ ಸೇರಿತ್ತು. ಸತುವಿನ ಕಥೆ ಇದರ ವಿರುದ್ಧ. ಪ್ರಾಣಿಯಲ್ಲಿ ಮೊದಲೇ ಬೇಕಾದಷ್ಟು ಸತುವಿರುತ್ತದೆ, ಹೊಸದು ಯಾವುದು ಎಂದು ತಿಳಿಯುವುದಿಲ್ಲ. ಅದಕ್ಕೆ ಸತು-67 ಐಸೋಟೋಪಿನಿಂದ ಮಾಡಿದ ಜಿಂಕ್ ಆಕ್ಸೈಡ್ ಕಣ ಕೊಟ್ಟು ಲಿಮ್ನಿಯಾ ಬಸವನಹುಳುವಿನಲ್ಲಿ ಹಿಂಬಾಲಿಸಿದ್ದಾರೆ.

ಹೂಳುಸೋಸಿ:

ಕೆರೆಕೋಡಿ ಅವರೇ, 96 ಗಂಟೆಯ ಬಗ್ಗೆ ಯಾರೂ ಹೇಳಿಲ್ಲ. ಕಪ್ಪೆಚಿಪ್ಪಿಗೆ ನೀರು ಹಿಡಿಸದಿದ್ದರೆ ಅದು ಬಾಯಿ ಮುಚ್ಚಿ ದಿನಗಟ್ಟಲೆ ಕೂರುತ್ತದೆ. ಆಗ ಅದಕ್ಕೆ ವಿಷ ತಾಗುವುದೇ ಇಲ್ಲ, ನೀವು ಮಾತ್ರ '96 ಗಂಟೆ ತಾಳಿತು' ಎಂದು ಬರೆದುಕೊಳ್ಳುತ್ತೀರಿ. 14ರಿಂದ 28 ದಿನ ಇಡಿ. ಪ್ರತಿದಿನ ಬೆಳಗ್ಗೆ ಮತ್ತು ಸಂಜೆ ಎಷ್ಟು ಚಿಪ್ಪು ತೆರೆದಿವೆ ಎಂದು ಎಣಿಸಿ. ವಾರಕ್ಕೊಮ್ಮೆ ಸೋಸುವ ವೇಗ ಅಳೆಯಿರಿ, ಖರ್ಚಿಲ್ಲದ ಪರೀಕ್ಷೆ.

ಕ್ರಮ ಹೀಗೆ. ಒಂದು ಚಿಪ್ಪನ್ನು 2 ಲೀಟರ್ ಶುದ್ಧ ನೀರಿರುವ ಬೀಕರಿಗೆ ಹಾಕಿ, ಬಾಯಿ ತೆರೆಯುವವರೆಗೆ ಕಾಯಿರಿ. ಕ್ಲೋರೆಲ್ಲಾ ಪಾಚಿಯನ್ನು ಮಿ.ಲೀ.ಗೆ 50,000 ಕೋಶ ಬರುವಂತೆ ಸೇರಿಸಿ. ಚಿಪ್ಪಿಲ್ಲದ ಬೀಕರ್ ಒಂದನ್ನೂ ಪಕ್ಕದಲ್ಲಿಡಿ. ಒಂದು ಗಂಟೆಯ ನಂತರ ಎರಡರಲ್ಲೂ ಕೋಶ ಎಣಿಸುವ ಗಾಜಿನ ಪಟ್ಟಿಯಾದ ಹಿಮೋಸೈಟೊಮೀಟರ್‌ನಲ್ಲಿ ಎಣಿಸಿ. ಮೊದಲ ಎಣಿಕೆಯನ್ನು ಕೊನೆಯದರಿಂದ ಭಾಗಿಸಿ, ನ್ಯಾಚುರಲ್ ಲಾಗ್ ತೆಗೆದು, ನೀರಿನ ಲೀಟರಿನಿಂದ ಗುಣಿಸಿ, ಗಂಟೆಯಿಂದ ಭಾಗಿಸಿ. ಚಿಪ್ಪಿರುವ ಬೀಕರಿನಲ್ಲಿ 30,000ಕ್ಕೆ ಇಳಿದಿದ್ದರೆ ಗಂಟೆಗೆ 1.02 ಲೀಟರ್. ಚಿಪ್ಪಿಲ್ಲದ್ದರಲ್ಲಿ ತಾನಾಗಿ ತಳಕ್ಕಿಳಿದು 47,500 ಆಗಿದ್ದರೆ 0.10 ಲೀಟರ್. ಕಳೆದರೆ ನಿಜವಾದ ವೇಗ 0.92 ಲೀಟರ್. ಕಳೆಯುವುದನ್ನು ಮರೆತರೆ ಸತ್ತ ಚಿಪ್ಪೂ ನೀರು ಸೋಸುತ್ತಿದೆ ಎಂದು ತೋರುತ್ತದೆ.

ದೀರ್ಘ ಪ್ರಯೋಗದಲ್ಲಿ ಅಮೋನಿಯಾ ಕಾಯಬೇಕು. ಸಿಹಿನೀರಿನ ಚಿಪ್ಪುಗಳು ಅಮೋನಿಯಾಕ್ಕೆ ಎಷ್ಟು ಸೂಕ್ಷ್ಮವೆಂದರೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ 2013ರಲ್ಲಿ ಮಿತಿ ಬಿಗಿಗೊಳಿಸಿದ್ದು ಮುಖ್ಯವಾಗಿ ಇವುಗಳಿಂದಲೇ: ಪಿಎಚ್ 7, 20 ಡಿಗ್ರಿಯಲ್ಲಿ ಒಟ್ಟು ಅಮೋನಿಯಾ ಸಾರಜನಕ ಅಲ್ಪಾವಧಿಗೆ ಲೀಟರಿಗೆ 17 ಮಿ.ಗ್ರಾಂ, ದೀರ್ಘಾವಧಿಗೆ 1.9. ನಮ್ಮ ಟಬ್ಬಿನಂತೆ ಪಿಎಚ್ 8, 26 ಡಿಗ್ರಿ ಇದ್ದರೆ ಮಿತಿ ಇನ್ನೂ ಬಹಳ ಕೆಳಗೆ. ಒಂದು ಚಿಪ್ಪು ಸತ್ತು ರಾತ್ರಿಯಿಡೀ ಕೊಳೆತರೆ ಟಬ್ಬೇ ಹಾಳು. ಮೇವು ಕೊಡುವುದಾದರೆ ಬೇರೆ ಪಾತ್ರೆಯಲ್ಲಿ ಎರಡು ಗಂಟೆ ಕೊಟ್ಟು ವಾಪಸ್ ಹಾಕಿ. ಅದೇ ಟಬ್ಬಿನಲ್ಲಿ ಪಾಚಿ ಹಾಕಿದರೆ ಬೆಳ್ಳಿ ಮೊದಲು ಪಾಚಿಗೆ ಅಂಟುತ್ತದೆ.

ಲೋಮಾಂಗ:

ಅಂಗಾಂಶದ ಪರೀಕ್ಷೆಗೆ ಕೆಲವು ಮಾತು.

ಹಿಮೋಲಿಂಫ್, ಅಂದರೆ ಚಿಪ್ಪಿನ ರಕ್ತ, ತೆಗೆಯಲು ಚಿಪ್ಪನ್ನು ಒಂದೆರಡು ಮಿ.ಮೀ. ಅಗಲಿಸಿ, ಹಿಂಬದಿಯ ಮುಚ್ಚುಸ್ನಾಯುವಿನಿಂದ 1 ಮಿ.ಲೀ. ಸಿರಿಂಜಿನಲ್ಲಿ ನಿಧಾನವಾಗಿ ಎಳೆಯಿರಿ. ರಕ್ತಕೋಶಗಳ ಲೈಸೋಸೋಮ್ (ನುಂಗಿದ್ದನ್ನು ಜೀರ್ಣಿಸುವ ಚೀಲ) ಪೊರೆ ಎಷ್ಟು ಗಟ್ಟಿ ಎಂದು ನ್ಯೂಟ್ರಲ್ ರೆಡ್ ಬಣ್ಣ ಹಿಡಿದಿಡುವ ಸಮಯದಿಂದ ತಿಳಿಯುತ್ತದೆ. ನ್ಯಾನೊಕಣವನ್ನು ನುಂಗುವ ಕೋಶಗಳೇ ಇವು, ಕಣ ಕೊನೆಗೆ ಕೂರುವುದು ಲೈಸೋಸೋಮಿನಲ್ಲೇ, ಆದ್ದರಿಂದ ಪೆಟ್ಟು ಇಲ್ಲಿ ಮೊದಲು ಕಾಣುತ್ತದೆ. ಆದರೆ ಸಮುದ್ರದ ಮಸೆಲ್‌ಗೆ ಬರೆದ ಉಪ್ಪುದ್ರಾವಣವನ್ನು ಹಾಗೇ ನಕಲು ಮಾಡಬೇಡಿ. ಸಮುದ್ರಜೀವಿಯ ರಕ್ತದಲ್ಲಿ ಕರಗಿದ ಲವಣಾದಿಗಳ ಸಾಂದ್ರತೆ ಸುಮಾರು 1000 ಮಿಲಿಆಸ್ಮೋಲ್. ಸಿಹಿನೀರಿನ ಚಿಪ್ಪಿನದು 50ರ ಆಸುಪಾಸು, ಹೆಚ್ಚುಕಡಿಮೆ ನೀರೇ. ಪ್ರಯೋಗಾಲಯದ ಸಾಮಾನ್ಯ ಉಪ್ಪುದ್ರಾವಣ ಪಿಬಿಎಸ್ ಕೂಡ 300 ಹತ್ತಿರ. ಅದಕ್ಕೆ ಹಾಕಿದ ಕ್ಷಣ ಕೋಶಗಳು ಮುದುಡುತ್ತವೆ, ಹೋಲಿಕೆಯ ಟಬ್ಬಿನ ಕೋಶಗಳೂ ಬಣ್ಣ ಸೋರುತ್ತವೆ.

ಎಂಡಿಎಗೆ ಅಂಗಾಂಶವನ್ನು ಐಸ್ ಮೇಲೆ ಅರೆಯಿರಿ, ಅರೆಯುವ ದ್ರಾವಣಕ್ಕೆ ಆಕ್ಸಿಡೇಶನ್ ತಡೆಯುವ ಬಿಎಚ್‌ಟಿ ಸೇರಿಸಿ. ಇಲ್ಲದಿದ್ದರೆ 95 ಡಿಗ್ರಿಯಲ್ಲಿ ಬಿಸಿ ಮಾಡುವಾಗ ಕೊಬ್ಬು ಅಲ್ಲೇ ಆಕ್ಸಿಡೈಸ್ ಆಗಿ ಎಲ್ಲ ಗುಂಪಿನಲ್ಲೂ ಅಂಕಿ ಏರುತ್ತದೆ. 532 ನ್ಯಾನೊಮೀಟರ್‌ನಲ್ಲಿ ಓದುವಾಗ ಕಣಗಳೂ ಬೆಳಕು ಹೀರುತ್ತವೆ, ಚದುರಿಸುತ್ತವೆ. ಅಂಗಾಂಶವಿಲ್ಲದೆ ಬರಿ ಕಣ ಹಾಕಿದ ಬ್ಲ್ಯಾಂಕ್ ಒಂದು ಇರಲೇಬೇಕು. ಎಸ್‌ಒಡಿ, ಕೆಟಲೇಸ್‌ಗೂ ಅಷ್ಟೇ, ಬೆಳ್ಳಿ ಅಯಾನು ಪರೀಕ್ಷಾ ನಳಿಕೆಯಲ್ಲೇ ಕಿಣ್ವವನ್ನು ಕಟ್ಟಿಹಾಕಬಹುದು.

ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿದರೆ ಕಣವೂ ಅಯಾನೂ ಒಂದೇ ಆಗುತ್ತವೆ. ಒಟ್ಟು ಬೆಳ್ಳಿಗೆ ಅದು ಸರಿ. ಒಳಗೆ ಕಣವಾಗಿಯೇ ಉಳಿದಿದೆಯೇ ಎಂದು ತಿಳಿಯಲು ಅಂಗಾಂಶವನ್ನು ಟಿಎಂಎಎಚ್ ಎಂಬ ಕ್ಷಾರದಲ್ಲಿ ಕರಗಿಸಿ, ತೆಳುಮಾಡಿ, ಐಸಿಪಿ-ಎಂಎಸ್ ಅನ್ನು ಒಂಟಿಕಣ ವಿಧಾನದಲ್ಲಿ ಓಡಿಸಬೇಕು. ಟಿಎಂಎಎಚ್ ಚರ್ಮದಿಂದಲೇ ಒಳಹೋಗಿ ಉಸಿರಾಟ ನಿಲ್ಲಿಸಬಲ್ಲ ವಿಷ. 25 ಶೇಕಡಾ ದ್ರಾವಣ ಕೈಗೆ ಬಿದ್ದರೆ ಸುಟ್ಟಗಾಯವಷ್ಟೇ ಎಂದು ತಿಳಿಯಬೇಡಿ. ಫ್ಯೂಮ್ ಹುಡ್, ದಪ್ಪ ನೈಟ್ರೈಲ್ ಗ್ಲೌಸ್, ಮುಖಕ್ಕೆ ಶೀಲ್ಡ್ ಇಲ್ಲದೆ ಮುಟ್ಟಬೇಡಿ, ಒಬ್ಬರೇ ಇರುವಾಗ ಮಾಡಲೇಬೇಡಿ.

ಕೊಯ್ಯುವ ಮೊದಲು 24ರಿಂದ 48 ಗಂಟೆ ಶುದ್ಧ ನೀರಿನಲ್ಲಿಟ್ಟು ಕರುಳು ಖಾಲಿ ಮಾಡಿಸಿ. ಆ ನೀರನ್ನು ಎರಡು ಸಲ ಬದಲಿಸಿ, ಇಲ್ಲದಿದ್ದರೆ ಬಿಟ್ಟ ಮಲವನ್ನೇ ಮತ್ತೆ ಸೋಸಿ ತಿನ್ನುತ್ತವೆ.

ಮುತ್ತುಕೆರೆ:

ಚರ್ಚೆ ತುಂಬ ಉಪಯುಕ್ತ. ಸಿಹಿನೀರಿನ ಮುತ್ತು ಕೃಷಿಯ ಕಡೆಯಿಂದ ಎರಡು ಪ್ರಶ್ನೆ. ಭುವನೇಶ್ವರದ ಸಿಹಿನೀರು ಮತ್ಸ್ಯಕೃಷಿ ಸಂಶೋಧನಾ ಸಂಸ್ಥೆ ಸಿಐಎಫ್‌ಎ ರೂಪಿಸಿದ ಮುತ್ತು ಕೃಷಿ ಪದ್ಧತಿಯಲ್ಲಿ ಬಳಸುವುದೂ ಇದೇ ಲ್ಯಾಮೆಲಿಡೆನ್ಸ್, ಪ್ಯಾರೇಸಿಯಾ ಚಿಪ್ಪುಗಳನ್ನೇ. ಹೊಂಡದ ಪಕ್ಕದ ಹೊಲಕ್ಕೆ ನ್ಯಾನೊ ಯೂರಿಯಾ ಸಿಂಪಡಿಸುತ್ತಾರೆ, ಗಾಳಿಗೆ ಹಾರಿ ನೀರಿಗೆ ಬಿದ್ದರೆ? ಮತ್ತೆ, ಹೊಂಡ ಶುದ್ಧಿಗೆಂದು ನ್ಯಾನೊ ಬೆಳ್ಳಿ, ನ್ಯಾನೊ ತಾಮ್ರದ ದ್ರಾವಣ ಮಾರಾಟಕ್ಕಿವೆ, ಹಾಕಬಹುದೇ?

ಅಳತೆಗೋಲು:

ಎರಡಕ್ಕೂ ಉತ್ತರ ಬೇರೆ ಬೇರೆ. 'ನ್ಯಾನೊ' ಎಂಬ ಒಂದೇ ಹೆಸರು ನೋಡಿ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

2021ರಲ್ಲಿ ಬಂದ ನ್ಯಾನೊ ಯೂರಿಯಾದಲ್ಲಿ ಸಾರಜನಕ ಶೇ. 4. 500 ಮಿ.ಲೀ. ಬಾಟಲಿಯಲ್ಲಿ 20 ಗ್ರಾಂ. 1000 ಚದರ ಮೀಟರ್, ಒಂದೂವರೆ ಮೀಟರ್ ಆಳದ ಹೊಂಡದಲ್ಲಿ 15 ಲಕ್ಷ ಲೀಟರ್ ನೀರು. ಬಾಟಲಿ ಪೂರ್ತಿ ಹೊಂಡಕ್ಕೇ ಬಿದ್ದು ಎಲ್ಲವೂ ಅಮೋನಿಯಾ ಆದರೂ ಲೀಟರಿಗೆ 0.013 ಮಿ.ಗ್ರಾಂ. ಶೇ. 20 ಸಾರಜನಕದ ಬಾಟಲಿಯಾದರೂ 0.07 ಒಳಗೆ. ಯೂರಿಯಾ ಕರಗುವ ವಸ್ತು, ಲೋಹದ ಕಣದಂತೆ ಕೆಸರಿನಲ್ಲಿ ಉಳಿಯುವುದಿಲ್ಲ. ಪಾಚಿ ಬೆಳೆಸಲು ಹೊಂಡಕ್ಕೆ ಸುರಿಯುವ ಸಗಣಿ ಮತ್ತು ಮಾಮೂಲಿ ಯೂರಿಯಾ ಹೆಚ್ಚಾದರೆ ಏರುವ ಅಮೋನಿಯಾ ಇದಕ್ಕಿಂತ ಎಷ್ಟೋ ದೊಡ್ಡ ಅಪಾಯ.

ತಾಮ್ರ, ಬೆಳ್ಳಿ ಹಾಕಲೇಬೇಡಿ. ನ್ಯಾನೊ ಇರಲಿ, ಮೈಲುತುತ್ತ ಇರಲಿ, ಸಿಹಿನೀರಿನ ಮರಿಚಿಪ್ಪುಗಳು ಲೀಟರಿಗೆ ಹತ್ತಿಪ್ಪತ್ತು ಮೈಕ್ರೊಗ್ರಾಂ ತಾಮ್ರಕ್ಕೇ ಸಾಯತೊಡಗುತ್ತವೆ. ಕುಡಿಯುವ ನೀರಿನ ಐಎಸ್ 10500 ಮಾನದಂಡ ಬೆಳ್ಳಿಗೆ ಲೀಟರಿಗೆ 0.1 ಮಿ.ಗ್ರಾಂ, ಅಂದರೆ 100 ಮೈಕ್ರೊಗ್ರಾಂ ತನಕ ಬಿಡುತ್ತದೆ. ಅದು ಮನುಷ್ಯನ ಲೆಕ್ಕ. ಲೇಬಲ್ ಮೇಲೆ 'ಕುಡಿಯುವ ನೀರಿಗೂ ಸುರಕ್ಷಿತ' ಎಂದಿದ್ದರೂ ಚಿಪ್ಪಿಗೆ ಅದು ಭರವಸೆಯಲ್ಲ. ಮುತ್ತಿನ ಬೀಜ (ನ್ಯೂಕ್ಲಿಯಸ್) ಕೂರಿಸಿದ ಮೇಲೆ ಗಾಯ ಮಾಗುವ ದಿನಗಳಲ್ಲಂತೂ ರಕ್ತಕೋಶಗಳೇ ದುಡಿಯಬೇಕು, ಬೆಳ್ಳಿ ಕೆಡಿಸುವುದು ಅವನ್ನೇ.

ಹೂಳುಸೋಸಿ:

ನಗರದ ಕೊಳಚೆಯ ಕಡೆಗೂ ನೋಡಬೇಕು. ಬಟ್ಟೆ, ಸೌಂದರ್ಯವರ್ಧಕಗಳಿಂದ ತೊಳೆದುಹೋದ ನ್ಯಾನೊ ಬೆಳ್ಳಿ ಸಂಸ್ಕರಣ ಘಟಕದಲ್ಲಿ ಗಂಧಕದೊಡನೆ ಸೇರಿ ಸಿಲ್ವರ್ ಸಲ್ಫೈಡ್ ಆಗುತ್ತದೆ, ಬಹುಪಾಲು ಗಸಿಯಲ್ಲಿ ಉಳಿಯುತ್ತದೆ. ಸಲ್ಫೈಡ್ ಕರಗುವುದು ತೀರಾ ಕಡಿಮೆ, ಆದ್ದರಿಂದ ಹೊರಬಿಟ್ಟ ನೀರಿನಲ್ಲಿರುವ ಬೆಳ್ಳಿ ಪ್ರಯೋಗಾಲಯದ ಹೊಸ ಬೆಳ್ಳಿಯಷ್ಟು ಉಗ್ರವಲ್ಲ. ಆದರೆ ಸಂಸ್ಕರಿಸದೆ ಕಾಲುವೆಗೆ ಹರಿಯುವ ನೀರಿಗೆ ಈ ಮಾತು ಅನ್ವಯಿಸುವುದಿಲ್ಲ.

2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಅಲ್ಲಿನ ಕೆರೆಯಲ್ಲಿ ಟೈಟಾನಿಯಂ ಹುಡುಕಲು ಹೊರಡುವವರು ಒಂದು ತಿಳಿದಿರಿ: ಕೆಂಪುಮಣ್ಣಿನಲ್ಲೇ ಟೈಟಾನಿಯಂ ಧಾರಾಳ. ಹೂಳಿನಲ್ಲಿ ಟೈಟಾನಿಯಂ ಸಿಕ್ಕಿತು ಎಂದು ಬಣ್ಣ, ಸನ್‌ಸ್ಕ್ರೀನ್‌ನತ್ತ ಬೆರಳು ತೋರಿಸಲು ಬರುವುದಿಲ್ಲ. ನಯೋಬಿಯಂಗೆ ಟೈಟಾನಿಯಂನ ಅನುಪಾತ ತೆಗೆದು, ಅದೇ ಜಲಾನಯನದ ಕೊಳಚೆ ತಾಗದ ಮಣ್ಣಿನ ಅನುಪಾತದೊಡನೆ ಹೋಲಿಸಿ. ಕಾರ್ಖಾನೆಯ ಟೈಟಾನಿಯಂ ಸೇರಿದ್ದರೆ ಅನುಪಾತ ಮೇಲೇರುತ್ತದೆ. ಇನ್ನೊಂದು, ಟೈಟಾನಿಯಂ ಡೈಆಕ್ಸೈಡ್ ಬರಿ ನೈಟ್ರಿಕ್ ಆಸಿಡ್‌ಗೆ ಕರಗುವುದಿಲ್ಲ. ಹೈಡ್ರೊಫ್ಲೋರಿಕ್ ಆಸಿಡ್ ಬಳಸದೆ ಬಂದ 'ಇಲ್ಲ' ಎಂಬ ಫಲಿತಾಂಶಕ್ಕೆ ಬೆಲೆಯಿಲ್ಲ.

ತುಂಗೆಯಂಚು:

ಕೆರೆಯ ಮಾತಾಯಿತು, ಹೊಳೆಯ ಬಗ್ಗೆ ನಾನು ಬರೆಯುತ್ತೇನೆ. ತುಂಗಾ, ಭದ್ರಾ ಮೊದಲಾದ ಮಲೆನಾಡಿನ ಹೊಳೆಗಳಲ್ಲಿ ಸೂಡೊಮ್ಯುಲೇರಿಯಾ ಡಾಲಿ ಎಂಬ ಸಿಹಿನೀರಿನ ಆಯ್‌ಸ್ಟರ್ ಇದೆ. ಪಶ್ಚಿಮ ಘಟ್ಟಕ್ಕೇ ಸೀಮಿತವಾದ ಜೀವಿ. ಉಳಿದ ಕಪ್ಪೆಚಿಪ್ಪುಗಳು ಕೆಸರಿನಲ್ಲಿ ಪಾದ ಊರಿ ನಿಧಾನಕ್ಕಾದರೂ ಸರಿದಾಡುತ್ತವೆ. ಇದು ಒಂದು ಚಿಪ್ಪನ್ನು ಬಂಡೆಗೆ ಸಿಮೆಂಟಿನಂತೆ ಅಂಟಿಸಿಕೊಂಡು ಅಲ್ಲೇ ಬಾಳು ಕಳೆಯುತ್ತದೆ. ಮೇಲಿನಿಂದ ಏನು ಹರಿದುಬಂದರೂ ಅದನ್ನೇ ಸೋಸಬೇಕು, ಓಡಿಹೋಗುವ ದಾರಿಯೇ ಇಲ್ಲ. ಬಂಡೆಯಿಂದ ಕಿತ್ತರೆ ಬದುಕುವುದಿಲ್ಲ. ದಯವಿಟ್ಟು ಪ್ರಯೋಗಕ್ಕೆ ಇದನ್ನು ಯಾರೂ ಮುಟ್ಟಬೇಡಿ.

ಇದರ ಹೊಳೆ ಸುರಕ್ಷಿತವೇ ಎಂದು ತಿಳಿಯಲು ಪಂಜರದ ವಿಧಾನ ಸಾಕು. ಅದೇ ಹೊಳೆಯ ಲ್ಯಾಮೆಲಿಡೆನ್ಸ್ ಚಿಪ್ಪುಗಳನ್ನು, ಬೇರೆ ನದಿಯವನ್ನಲ್ಲ, ಅಳೆದು ಗುರುತು ಹಾಕಿ, 1 ಸೆಂ.ಮೀ. ಕಣ್ಣಿನ ಪ್ಲಾಸ್ಟಿಕ್ ಬಲೆಯ ಪೆಟ್ಟಿಗೆಗೆ ಹತ್ತರಂತೆ ಹಾಕಿ. ಕೊಳಚೆ ಸೇರುವ ಜಾಗದ ಮೇಲೊಂದು ಕಡೆ, ಕೆಳಗೆ ಎರಡು ಕಡೆ, ಪ್ರತಿ ಕಡೆ ಮೂರು ಪೆಟ್ಟಿಗೆ. ಕಬ್ಬಿಣ, ತಗಡಿನ ಬಲೆ ಬೇಡ, ಸತುವು ಅದರಿಂದಲೇ ಸೋರುತ್ತದೆ. ನಾಲ್ಕು ವಾರ ಇಟ್ಟು ತೆಗೆಯಿರಿ. ಮಳೆಗಾಲದಲ್ಲಿ ಹೂಳು ಪೆಟ್ಟಿಗೆ ತುಂಬಿ ಉಸಿರುಗಟ್ಟಿಸುತ್ತದೆ, ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ.

ಲೋಮಾಂಗ:

ಮರಿಹುಳುವಿನ ಪರೀಕ್ಷೆಯನ್ನೂ ಸೇರಿಸಿಕೊಳ್ಳಿ, ದೊಡ್ಡ ಚಿಪ್ಪಿಗಿಂತ ಇದು ಬೇಗ ಉತ್ತರ ಕೊಡುತ್ತದೆ. ಗ್ಲೋಕಿಡಿಯಂ ಎಂಬ ಈ ಮರಿ ಎರಡು ಪುಟಾಣಿ ಎಸಳಿನ ಬಲೆಯಂತೆ ಬಾಯಿ ತೆರೆದು ಕಾಯುತ್ತದೆ, ಮೀನಿನ ಕಿವಿರು ಅಥವಾ ರೆಕ್ಕೆ ತಾಗಿದೊಡನೆ ಕಚ್ಚಿ ಹಿಡಿಯುತ್ತದೆ. ಮೊದಲೇ ಮುಚ್ಚಿಕೊಂಡರೆ ಮೀನು ಸಿಗುವುದಿಲ್ಲ, ಸಾವು ಖಚಿತ. ಬಸುರಿ ಚಿಪ್ಪಿನ ಊದಿದ ಕಿವಿರಿಗೆ ಸಿರಿಂಜಿನಿಂದ ನೀರು ಹಾಯಿಸಿ ಮರಿಗಳನ್ನು ತೆಗೆಯಿರಿ. 24 ಗಂಟೆ ಬೆಳ್ಳಿಯ ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಡಿ ಮುಚ್ಚಿದವನ್ನು ಎಣಿಸಿ, ಉಪ್ಪಿನ ಗಾಢ ದ್ರಾವಣ ಒಂದು ಹನಿ ಹಾಕಿ ಮತ್ತೆ ಎಣಿಸಿ. ಜೀವವಿರುವುದು ಉಪ್ಪಿಗೆ ಫಟ್ಟನೆ ಮುಚ್ಚುತ್ತದೆ. ನೂರರಲ್ಲಿ ಉಪ್ಪಿಗೆ ಮೊದಲು 6 ಮುಚ್ಚಿದ್ದು, ನಂತರ 95 ಮುಚ್ಚಿದರೆ ಜೀವಂತ ಶೇ. 89. ಹೋಲಿಕೆಯ ಗುಂಪಿನಲ್ಲಿ ಇದು ಶೇ. 90ಕ್ಕಿಂತ ಕಡಿಮೆ ಬಂದರೆ ಆ ತಂಡವನ್ನೇ ಬಿಟ್ಟು ಬೇರೆ ತಾಯಿಯಿಂದ ಶುರುಮಾಡಿ. ಪೂರ್ತಿ ಕ್ರಮ ಪರೀಕ್ಷಾ ಮಾನದಂಡ ರೂಪಿಸುವ ಎಎಸ್‌ಟಿಎಂ ಇ2455 ಮಾರ್ಗದರ್ಶಿಯಲ್ಲಿದೆ.

ಕೆರೆಕೋಡಿ:

ಎಲ್ಲ ಬರೆದುಕೊಂಡೆ. ತಿದ್ದಿದ ಕರಡು: ತಯಾರಿಸಿದ ನೀರು, ಲೀಟರಿಗೆ 0, 1, 10, 100 ಮೈಕ್ರೊಗ್ರಾಂ, ಸಿಟ್ರೇಟ್ ಮತ್ತು ಎರಡು ನೈಟ್ರೇಟ್ ಹೋಲಿಕೆ, ಪ್ರತಿಯೊಂದಕ್ಕೆ 4 ಟಬ್, ಟಬ್ಬಿಗೆ 4 ಚಿಪ್ಪು, ಮರಳು ತಳ, 28 ದಿನ, ದಿನಾ ನೀರು ಬದಲು. ಅಂದರೆ 28 ಟಬ್, 112 ಚಿಪ್ಪು, ದಿನಕ್ಕೆ 280 ಲೀಟರ್ ನೀರು. ಇಷ್ಟು ನೀರು ತಯಾರಿಸುವುದು ಕಷ್ಟ. ಎರಡು ದಿನಕ್ಕೊಮ್ಮೆ ಬದಲಿಸಿದರೆ ಆಗುತ್ತದೆಯೇ? ಮುಗಿದ ಮೇಲೆ ಉಳಿದ ಚಿಪ್ಪು, ನೀರು ಏನು ಮಾಡಲಿ?

ಅಳತೆಗೋಲು:

ಆಗುತ್ತದೆ, 48 ಗಂಟೆಗೆ ಬದಲಿಸುವ ಮುಂಚಿನ ಬೆಳ್ಳಿ ಮತ್ತು ಅಮೋನಿಯಾ ಎರಡನ್ನೂ ಅಳೆದಿರಬೇಕು. ಬೆಳ್ಳಿ ಹಾಕಿದ್ದರ ಶೇ. 80ಕ್ಕಿಂತ ಕೆಳಗಿಳಿದರೆ ಫಲಿತಾಂಶವನ್ನು ಹಾಕಿದ ಪ್ರಮಾಣದ ಹೆಸರಿನಲ್ಲಿ ಬರೆಯಬೇಡಿ, ಅಳೆದ ಪ್ರಮಾಣದ ಸರಾಸರಿಯಲ್ಲಿ ಬರೆಯಿರಿ. ನೀರಿನ ಮಾದರಿಯ ಬಾಟಲಿ ಪಾಲಿಪ್ರೊಪಿಲೀನ್ ಇರಲಿ, ತುಂಬಿದ ಕೂಡಲೇ ನೈಟ್ರಿಕ್ ಆಸಿಡ್ ಸೇರಿಸಿ, ಇಲ್ಲವಾದರೆ ಬೆಳ್ಳಿ ಗೋಡೆಗೆ ಅಂಟಿ ಅಂಕಿ ಇಳಿಯುತ್ತದೆ. ಅಲ್ಟ್ರಾಫಿಲ್ಟರ್‌ಗೆ ಹೋಗುವ ಪಾಲಿಗೆ ಮಾತ್ರ ಸೋಸುವ ಮೊದಲು ಆಸಿಡ್ ಹಾಕಬೇಡಿ, ಕಣವೇ ಕರಗುತ್ತದೆ.

ಟಬ್ಬಿನ ನೀರನ್ನು ಬಚ್ಚಲಿಗೆ ಬಿಡಬೇಡಿ. ದೊಡ್ಡ ಕ್ಯಾನಿನಲ್ಲಿ ಸಂಗ್ರಹಿಸಿ, ಮರಳು ಮತ್ತು ಫಿಲ್ಟರ್‌ಗಳ ಜೊತೆಗೆ 'ಬೆಳ್ಳಿ' ಎಂದು ಚೀಟಿ ಅಂಟಿಸಿ ಅಪಾಯಕಾರಿ ತ್ಯಾಜ್ಯದವರಿಗೆ ಕೊಡಿ. ಉಳಿದ ಚಿಪ್ಪುಗಳನ್ನು, ಹೋಲಿಕೆಯ ಟಬ್ಬಿನವೂ ಸೇರಿ, ಕೆರೆಗೆ ವಾಪಸ್ ಬಿಡಬೇಡಿ. ವಾರಗಟ್ಟಲೆ ಒಂದೇ ಕಡೆ ಇದ್ದವು ಒಂದರ ರೋಗ ಇನ್ನೊಂದಕ್ಕೆ ಅಂಟಿಸಿಕೊಂಡಿರುತ್ತವೆ. ಎಲ್ಲವನ್ನೂ ಮೈನಸ್ 20 ಡಿಗ್ರಿಯಲ್ಲಿ ಇಟ್ಟು, ಮಾಂಸ ಬೇರ್ಪಡಿಸಿ, ಚಿಪ್ಪಿನ ಹೊರಕವಚವನ್ನು ಒಣಗಿಸಿ ಜೋಪಾನ ಮಾಡಿ. ಬೆಳ್ಳಿಯ ಲೆಕ್ಕ ಹೊಂದದಿದ್ದರೆ ಮೊದಲು ಹುಡುಕಬೇಕಾದ ಜಾಗ ಅದೇ ಕವಚ.